ಮೂರು ಪೊರೋಟದ ಮಾತು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ಮುಖಕ್ಕೇ ನಗುತ್ತಿದ್ದವನು ನಾನು. ಈಗ ನೀವು ನಕ್ಕರೂ ಬೇಜಾರಿಲ್ಲ. ನನ್ನನ್ನು ಕೊರೆಯುವುದು ಬೇರೆಯೇ ಇದೆ.

ಕೊಚ್ಚಿಯಲ್ಲಿ, ವಿದೇಶಕ್ಕೆ ಹೊರಟ ನರ್ಸುಗಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಕಣ್ಣೆದುರಿನ ಸುಳಿವು ಹಿಡಿದು 'ಹೀಗೇ ಇರಬೇಕು', 'ಹೀಗಿರಲು ಸಾಧ್ಯವಿಲ್ಲ' ಎಂದು ತೀರ್ಮಾನಿಸಿ ಹೇಳುವ ಪಾಠ ಬಂದಾಗಲೆಲ್ಲ, ಅಂದು ಬಾರದವರ ಖಾಲಿ ಕುರ್ಚಿಯನ್ನೇ ಉದಾಹರಣೆಗೆ ಎಳೆಯುತ್ತಿದ್ದೆ. ಕ್ಲಾಸು ನಗುತ್ತಿತ್ತು. ನನಗೂ ಅದೇ ಬೇಕಿತ್ತು.

ಆ ದಿನ ಬಾರದಿದ್ದವಳು ರಮ್ಯಾ, ನನ್ನ ಹಾಗೇ ಕಾಸರಗೋಡಿನ ಕನ್ನಡದವಳು. "ಶಿ ಮಸ್ಟ್ ಬಿ ಸ್ಲೀಪಿಂಗ್," ಅಂದೆ. ಆಮೇಲೆ, "ಶಿ ಕಾಂಟ್ ಬಿ ಇಲ್. ಶಿ ಈಟ್ಸ್ ತ್ರೀ ಪೊರೋಟಾಸ್." ಮಲಗಿಯೇ ಇರಬೇಕು, ಮೂರು ಪೊರೋಟ ತಿನ್ನುವವಳಿಗೆ ಎಲ್ಲಿಯ ಕಾಯಿಲೆ ಅಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹನ್ನೊಂದು ದಾಟಿತ್ತು, ಚಹಾಕ್ಕೆ ಬಿಡುವ ಹೊತ್ತು, ಅದಕ್ಕೇ ನೆನಪಿದೆ.

ತಿಂಗಳಾದ ಮೇಲೆ ತಿರುವನಂತಪುರಕ್ಕೆ ಹೋದಾಗ, ತಂಪಾನೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಸಿಕ್ಕಿದಳು. ಅಲ್ಲಿನ ಆಸ್ಪತ್ರೆಯಲ್ಲಿ ತಾಯಿ ತೀರಿಕೊಂಡಿದ್ದರಂತೆ, ನಾನು ತಮಾಷೆ ಮಾಡಿದ ಅದೇ ದಿನ. ಕಾಗದಪತ್ರಕ್ಕೆಂದು ಮತ್ತೆ ಬಂದಿದ್ದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಅಮ್ಮನಿಗೆ ಇಂಗ್ಲಿಷಿನ ಗಂಧವೇ ಇರಲಿಲ್ಲ ಮಾಷ್ಟ್ರೇ. ಆದರೆ ಕೊನೆಗೆ ಮಾತಾಡಿದ್ದು ಇಂಗ್ಲಿಷ್," ಅಂದು ಬ್ಯಾಗಿನಿಂದ ಪುಟ್ಟ ನೋಟ್‌ಬುಕ್ಕು ತೆಗೆದಳು. ರೋಗಿ ಏನೇ ಅಂದರೂ ಗಂಟೆ ಸಮೇತ ಬರೆದಿಡುವುದು ನರ್ಸುಗಳ ಅಭ್ಯಾಸ. ಹನ್ನೊಂದು ಗಂಟೆ ಐದು ನಿಮಿಷ. ಕೆಳಗೆ ನನ್ನ ಮಾತುಗಳೇ, ಒಂದೂ ಬಿಡದೆ, ಪೊರೋಟದವರೆಗೆ.

"ಎಷ್ಟೋ ದಿನದಿಂದ ನಗದವರು, ಇಷ್ಟು ಹೇಳಿ ನಗಾಡಿದರು. ಯಾರ ಬಗ್ಗೆ ಹೇಳಿದ್ದಾಗಿರಬಹುದು ಮಾಷ್ಟ್ರೇ?"

ಅವಳ ಮುಖದಲ್ಲಿ ಸಮಾಧಾನವಿತ್ತು. ನಾನು ಗೊತ್ತಿಲ್ಲ ಅಂದೆ.

ಮಗಳು ಓದುವುದನ್ನು ತಾಯಿ ಕೇಳಿರಬೇಕು ಅನ್ನೋಣವೆಂದರೆ, ಪೊರೋಟ ಯಾವ ಪುಸ್ತಕದಲ್ಲೂ ಇಲ್ಲ, ಆ ಗಳಿಗೆಗೆ ನನ್ನ ಬಾಯಿಗೆ ಬಂದದ್ದು. ಯಾರಾದರೂ ಆ ಹೊತ್ತಿಗೇ ಆಸ್ಪತ್ರೆಗೆ ಫೋನು ಮಾಡಿರಬೇಕೆಂದು ಕ್ಲಾಸಿನವರನ್ನು ಒಬ್ಬೊಬ್ಬರಾಗಿ ವಿಚಾರಿಸಿದೆ. ಯಾರೂ ಮಾಡಿರಲಿಲ್ಲ. ಖಾಲಿ ಕುರ್ಚಿಯ ಉದಾಹರಣೆ ಅವತ್ತಿಗೇ ಬಿಟ್ಟೆ.

ರಮ್ಯಾ ಈಗ ಐರ್ಲೆಂಡಿನಲ್ಲಿದ್ದಾಳೆ. ಓಣಂಗೆ ಮೆಸೇಜು ಕಳಿಸುವಾಗ ಈಗಲೂ ಅದನ್ನೇ ಕೇಳುತ್ತಾಳೆ. ಅದು ಹೇಗಾಯಿತೆಂದು ನನಗೆ ನಿಜಕ್ಕೂ ಗೊತ್ತಿಲ್ಲ. ಯಾರ ಬಗ್ಗೆ ಎಂಬುದು ಮಾತ್ರ ಗೊತ್ತು. ಹೇಳಲು ನಾಚಿಕೆಯಾಗುತ್ತದೆ, ಪ್ರತಿ ವರ್ಷವೂ ಗೊತ್ತಿಲ್ಲವೆಂದೇ ಬರೆಯುತ್ತೇನೆ.