ಪೈಪಿನ ಬಾಯಿಗೆ ಹಾಲಿನ ಕವರು

ನಿನ್ನೆ ಅಡುಗೆಮನೆಯ ನಲ್ಲಿ ಬದಲಿಸಲು ಬಂದಿದ್ದ ಪ್ಲಂಬರ್ ಬಾಬು ಮೇಲಿನ ವಾಲ್ವು ಮುಚ್ಚಿ, ಹಳೆಯದನ್ನು ಬಿಚ್ಚಿಟ್ಟು, ವಾಷರ್ ತರಲು ಅಂಗಡಿಗೆ ಹೋದ. ಗೋಡೆಯಲ್ಲಿ ಪೈಪಿನ ಬಾಯಿ ತೆರೆದೇ ಇತ್ತು. ನೀವಾಗಿದ್ದರೆ ಹೋಗಿ ಪೇಪರ್ ಓದುತ್ತಿದ್ದಿರಿ. ನನಗೆ ಅದು ಸಾಧ್ಯವಾಗಲಿಲ್ಲ. ರಬ್ಬರ್ ಬ್ಯಾಂಡಿಗಾಗಿ ಡ್ರಾಯರೆಲ್ಲ ಹುಡುಕಿದೆ, ಸಿಗಲಿಲ್ಲ. ಕೊನೆಗೆ ತೊಳೆದು ಒಣಗಿಸಿದ್ದ ಹಾಲಿನ ಕವರಿನ ತುಂಡೊಂದನ್ನು ಸುತ್ತಿ ಪೈಪಿನೊಳಗೆ ತುರುಕಿ, ಅದರ ಮುಂದೆ ಕಾವಲು ನಿಂತೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಹಾಗೇ ಹೊರಟುಹೋದಳು. ಇಷ್ಟು ವರ್ಷ ಸಂಸಾರ ಮಾಡಿದವರು ಕೆಲವು ವಿಷಯ ಕೇಳುವುದಿಲ್ಲ.

ಈ ಕಾಯಿಲೆ ನನಗೆ ಅಂಟಿದ್ದು ದಂಡಪಾಣಿ ಮೇಸ್ತ್ರಿಯಿಂದ. ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪುರದ ಹತ್ತಿರ, ಟಿಪ್ಪರ್ ಲಾರಿಗಳ ತೊಟ್ಟಿಯನ್ನು ಎಣ್ಣೆಯ ಒತ್ತಡದಿಂದ ಎತ್ತುವ ಜಾಕು, ಪಂಪು ರಿಪೇರಿ ಮಾಡುವ ಶೆಡ್ಡೊಂದರಲ್ಲಿ ಬಿಲ್ ಬರೆಯುತ್ತಿದ್ದೆ. ಜೀವನ್ ಬಿಮಾ ನಗರದಿಂದ ಹೊರಡುವಾಗ ಬೆಳ್ಳಗಿದ್ದ ನನ್ನ ಶರ್ಟು ಬಸ್ಸಿಳಿಯುವ ಹೊತ್ತಿಗೆ ರಸ್ತೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಅಂಥ ಜಾಗದಲ್ಲಿ ಕುಳಿತು, ಧೂಳಿನ ಒಂದು ಕಣವನ್ನೂ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದವರು ಹಲಸೂರಿನ ದಂಡಪಾಣಿ.

ಅವರ ಕಾನೂನುಗಳು ಬಹಳ. ಕೆಲಸಕ್ಕೆ ಮುಂಚೆ ನೆಲಕ್ಕೆ ನೀರು ಚಿಮುಕಿಸಬೇಕು, ಪೊರಕೆ ಮುಟ್ಟಕೂಡದು. ನೂಲು ಬಿಡುವ ಬನಿಯನ್ ಬಟ್ಟೆಯಲ್ಲಿ ಪೈಪು ಒರೆಸಕೂಡದು. ಬಿಚ್ಚಿದ ಪೈಪಿನ ಬಾಯಿಗೆ ಅದೇ ಕ್ಷಣ ಹಾಲಿನ ಕವರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಕು. "ಹೊರಗಡೆಯಿಂದ ಕಟ್ಬೇಕು. ಒಳಗೆ ತುರುಕಬಾರ್ದು. ತುರುಕಿದ್ದು ಮರೆತುಹೋಗುತ್ತೆ," ಎಂದು ಅವರು ಹೇಳುವಾಗ ಮುಖ ಆಪರೇಷನ್ ಮಾಡುವ ಡಾಕ್ಟರರಂತಿರುತ್ತಿತ್ತು. ಹಣೆಯಲ್ಲಿ ಮಾತ್ರ ಡಾಕ್ಟರರಿಗಿಲ್ಲದ ಮೂರು ದಪ್ಪ ವಿಭೂತಿ ಪಟ್ಟೆ. ಶೆಡ್ಡಿನ ಹೆಂಗಸರೆಲ್ಲ, ಅಂದರೆ ಟೀ ತರುತ್ತಿದ್ದ ಸೆಲ್ವಿಯಮ್ಮ ಒಬ್ಬರೇ, ಮೇಸ್ತ್ರಿಯ ಮುಂದೆ ಸೀರೆಯ ಸೆರಗನ್ನೂ ಕೊಡವುತ್ತಿರಲಿಲ್ಲ.

ಒಮ್ಮೆ ಒಂದು ಟಿಪ್ಪರ್ ಬಂತು. ಅದರ ಡ್ರೈವರ್ ಶರಣಪ್ಪ, ಕಲಬುರಗಿ ಕಡೆಯವನು, ಹತ್ತಿರದಲ್ಲೇ ಬಾಡಿಗೆ ಕೋಣೆಯಲ್ಲಿದ್ದ. ತೊಟ್ಟಿ ಎತ್ತಿದರೆ ನಿಲ್ಲುತ್ತಿಲ್ಲ, ಮೆಲ್ಲಗೆ ಇಳಿಯುತ್ತಿದೆ ಎಂದ. ತೋರಿಸಲು ಅಂಗಳದಲ್ಲೇ ತೊಟ್ಟಿ ಎತ್ತಿ, ಮರದ ದಿಮ್ಮಿಯ ಆಸರೆ ಕೊಡದೆ ಕೆಳಗೆ ನುಸುಳಿದ. ನಾನು ಹತ್ತಿರದಲ್ಲಿದ್ದೆ. ಸೆಲ್ವಿಯಮ್ಮ "ಟೀ" ಎಂದು ಕರೆದರು. ಅವನು ಹೊರಗೆ ತೆವಳಿ ಬಂದ, ಎದ್ದು ನಿಂತ, ಲೋಟಕ್ಕೆ ಕೈ ಚಾಚಿದ. ಆಗ ತೊಟ್ಟಿ ಬಿತ್ತು. ಮೆಲ್ಲಗೆ ಇಳಿಯಲಿಲ್ಲ, ಬಿತ್ತು. ಅವನ ಒಂದು ಚಪ್ಪಲಿ ಕೆಳಗೇ ಉಳಿದಿತ್ತು. ಆಮೇಲೆ ಅದನ್ನು ತೆಗೆದಾಗ ಹಪ್ಪಳದಷ್ಟು ತೆಳ್ಳಗಿತ್ತು. ನಾನು ಆ ದಿನ ಬರೆದ ಬಿಲ್ಲುಗಳಲ್ಲಿ ನನ್ನ ಅಕ್ಷರ ನನ್ನದಾಗಿರಲಿಲ್ಲ.

ಮೇಸ್ತ್ರಿ ವಾಲ್ವು ಬಿಚ್ಚಿ, ಅದು ಪೂರ್ತಿ ಮುಚ್ಚದಂತೆ ತಡೆದಿದ್ದ ಒಂದು ಮರಳಿನ ಕಣ ತೆಗೆದು ಬೆರಳ ತುದಿಯಲ್ಲಿಟ್ಟು ತೋರಿಸಿದರು. "ನೋಡಪ್ಪಾ, ನಿನ್ನ ಯಮ. ಸಾಸಿವೆಗಿಂತ ಸಣ್ಣ."

ಅಲ್ಲಿಂದ ಆ ಟಿಪ್ಪರಿಗೆ ರಾಜೋಪಚಾರ. ಪೈಪುಗಳಿಗೆಲ್ಲ ಹಾಲಿನ ಕವರಿನ ಟೋಪಿ. ಶರಣಪ್ಪ ಅಂಗೈಯಲ್ಲಿ ತಂಬಾಕು ತಿಕ್ಕಿ ತಟ್ಟಿದರೆ ಮೇಸ್ತ್ರಿ ಉರಿದು ಬೀಳುತ್ತಿದ್ದರು. "ಏಯ್, ಗೇಟ್ ಹತ್ರ ಹೋಗಿ ತಟ್ಕೋ."

"ಗಾಳಿ ಆ ಕಡಿ ಅದ ರೀ ಮೇಸ್ತ್ರಿ."

"ಗಾಳಿಗೆ ನಾನ್ ಹೇಳ್ಲಾ, ನಿಂಗೆ ಹೇಳ್ಲಾ?"

ಶರಣಪ್ಪ ಗೇಟಿನ ಬಳಿ ಗಡಿಪಾರಾಗಿ ನಿಂತ. ಮೇಸ್ತ್ರಿ ತೊಳೆದ ಟ್ಯಾಂಕಿಗೆ ಹೊಸ ಎಣ್ಣೆ ಸುರಿದು, ಮಟ್ಟ ನೋಡಲು ಬಗ್ಗಿದರು. ಬಿಸಿಲು ಜೋರಾಗಿತ್ತು, ಹಣೆಯಲ್ಲಿ ಬೆವರು. ನಾನು ಎದುರಿಗಿದ್ದೆ. ಮೊದಲು ವಿಭೂತಿಯ ನಡುವಿನ ಪಟ್ಟೆಯಲ್ಲಿ ಒಂದು ಬಿರುಕು ಕಂಡಿತು. ಆಮೇಲೆ ಆ ಬಿರುಕಿನ ಕೆಳಗಿನ ಚೂರು ಕಾಣಲಿಲ್ಲ. ಜೇನಿನ ಬಣ್ಣದ ಎಣ್ಣೆಯ ಮೇಲೆ ಬೆಳ್ಳಗೆ ಏನೋ ಒಂದು ತೇಲಿದಂತಾಗಿ ಮುಳುಗಿತು. ಮೇಸ್ತ್ರಿ ಮುಚ್ಚಳ ಬಿಗಿದು, ತೃಪ್ತಿಯಿಂದ ಅದನ್ನು ತಟ್ಟಿದರು.

ನನಗೆ ಚಪ್ಪಲಿ ನೆನಪಾಯಿತು. ಹೇಳಬೇಕು, ಆದರೆ ಹೇಗೆ? ಮೇಸ್ತ್ರಿಯ ಹಣೆಯಿಂದ ಕಸ ಬಿತ್ತು ಎನ್ನುವುದು ದೇವರ ಗುಡಿಯಲ್ಲಿ ಅರ್ಚಕರನ್ನು ಸ್ನಾನವಾಯಿತೇ ಎಂದು ಕೇಳಿದಂತೆ. ಕೊನೆಗೆ, "ಮೇಸ್ತ್ರಿ, ಆ ಸೈಡ್ ಮಿರರ್ ಸರಿ ಇದೆಯಾ, ಒಂದ್ಸಲ ನೋಡಿ," ಎಂದೆ.

ಅವರು ನೋಡಿದರು. ತುಂಬ ಹೊತ್ತು ನೋಡಿದರು. ಬೆರಳು ನಿಧಾನವಾಗಿ ಹಣೆಗೆ ಹೋಯಿತು.

"ಯಾರಾದ್ರೂ ನೋಡಿದ್ರಾ?"

ಗೇಟಿನ ಬಳಿಯಿಂದ ಶರಣಪ್ಪ ನಗುತ್ತಾ ಉತ್ತರಿಸಿದ. "ನಾ ನೋಡಿಲ್ರೀ ಮೇಸ್ತ್ರಿ. ನಾ ದೂರ ಇದ್ದೆ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ವಿಭೂತಿ ಧೂಳಲ್ಲಪ್ಪಾ. ಅದು ಮುರುಗನ್ ಪ್ರಸಾದ. ಅದ್ರಿಂದ ಕೆಟ್ಟದ್ದಾಗಲ್ಲ."

"ಪಂಪಿಗೆ ಹೇಗೆ ಗೊತ್ತಾಗುತ್ತೆ ಮೇಸ್ತ್ರಿ?" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

ಶರಣಪ್ಪ ಹತ್ತಿರ ಬಂದ. ಈಗ ನಗುತ್ತಿರಲಿಲ್ಲ. "ನಾನೂ ಹಚ್ಕೋತೀನ್ರೀ ವಿಭೂತಿ. ಆದ್ರ ಇದರ ಬುಡಕ ಮಲಗಿ ಗ್ರೀಸ್ ಹಚ್ಚಾಂವ ನಾ."

ಮೇಸ್ತ್ರಿ ಸ್ಪ್ಯಾನರ್ ತೆಗೆದುಕೊಂಡು ಟ್ಯಾಂಕಿನ ಅಡಿಯ ಬೋಲ್ಟು ಬಿಚ್ಚಿದರು. ಹೊಸ ಎಣ್ಣೆಯೆಲ್ಲ ಇಳಿಯಿತು. ಸೋಸಲು ನೂಲು ಬಿಡದ ಬಟ್ಟೆ ಬೇಕಿತ್ತು. ಸೈಕಲ್ ಹತ್ತಿ ಹಲಸೂರಿಗೆ ಹೋಗಿ, ಹೆಂಡತಿಯ ರೇಷ್ಮೆ ರವಿಕೆಯ ಬಟ್ಟೆಯೊಂದನ್ನು ತಂದರು. ಹೇಳಿ ತಂದರೋ ಹೇಳದೆಯೋ ಎಂದು ನಾನು ವಿಚಾರಿಸಲಿಲ್ಲ. ಸೋಸಿದ ಮೇಲೆ ರೇಷ್ಮೆಯಲ್ಲಿ ಬೂದು ಬಣ್ಣದ ಒಂದು ಗೀರು ಉಳಿದಿತ್ತು. ಅದರ ಪಕ್ಕದಲ್ಲಿ, ಇನ್ನೂ ಸ್ಪಷ್ಟವಾಗಿ, ಒಂದು ಎಳೆ ತಂಬಾಕು.

ಮೇಸ್ತ್ರಿಯ ಮುಖದಲ್ಲಿ ದೀಪ ಹತ್ತಿತು. "ಏನಪ್ಪಾ ಇದು?"

"ಗಾಳಿ ಈ ಕಡಿ ತಿರುಗಿತ್ತೇನೋ ರೀ," ಎಂದ ಶರಣಪ್ಪ.

ಟ್ಯಾಂಕು ಮತ್ತೆ ತೊಳೆದು, ಫಿಲ್ಟರ್ ಬದಲಿಸಿ, ಸೋಸಿದ ಎಣ್ಣೆಯನ್ನೂ ನಂಬದೆ ಬೇರೆ ಎಣ್ಣೆ ತುಂಬಿದರು. ಮರುದಿನ ತೊಟ್ಟಿ ಎತ್ತಿ, ದಿಮ್ಮಿಯ ಆಸರೆ ಕೊಟ್ಟು, ಮೇಸ್ತ್ರಿ ಎಲ್ಲರಿಗಿಂತ ಮುಂಚೆ ತಾವೇ ಅದರ ಕೆಳಗೆ ಹೋಗಿ ಕುಳಿತು ಟೀ ತರಿಸಿಕೊಂಡರು. ಲೋಟ ಖಾಲಿಯಾದ ಮೇಲೇ ಶರಣಪ್ಪನನ್ನು ಒಳಗೆ ಬಿಟ್ಟದ್ದು. ವಿಭೂತಿಯನ್ನು ಅವರು ಬಿಡಲಿಲ್ಲ. ಆದರೆ ಟ್ಯಾಂಕು ತೆರೆಯುವಾಗಲೆಲ್ಲ ಜರಿಯಂಚಿನ ಆ ರೇಷ್ಮೆ ತುಂಡನ್ನು ಹಣೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಹೊಸ ಗಿರಾಕಿಗಳು ಅವರನ್ನು ಮದುಮಗನೆಂದುಕೊಂಡರೋ, ತಲೆಗೆ ಪೆಟ್ಟಾಗಿದೆ ಎಂದುಕೊಂಡರೋ, ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಇಷ್ಟನ್ನು ನೆನೆಯುತ್ತಾ ನಾನು ಯಾವಾಗ ಪೇಪರ್ ಹಿಡಿದು ಕುರ್ಚಿಯಲ್ಲಿ ಕುಳಿತೆನೋ ತಿಳಿಯದು. ಅಷ್ಟರಲ್ಲಿ ಬಾಬು ಬಂದು, ಫೋನಿನಲ್ಲಿ ಮಾತಾಡುತ್ತಲೇ ಹೊಸ ನಲ್ಲಿ ತಿರುಗಿಸಿ ಬಿಗಿದಿದ್ದ. ಮೇಲಿನ ವಾಲ್ವು ತೆರೆದ. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಅವನು ಬೈದುಕೊಳ್ಳುತ್ತಾ ಅದನ್ನು ಬಿಚ್ಚಿ, ಒಳಗಿನಿಂದ ಒದ್ದೆಯಾದ ಹಾಲಿನ ಕವರಿನ ಉಂಡೆಯೊಂದನ್ನು ಎರಡು ಬೆರಳಲ್ಲಿ ಎಳೆದು ತೆಗೆದ.

"ಸಾರ್, ಇದನ್ನ ಯಾರು ಇಲ್ಲಿಟ್ಟಿದ್ದು?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿದೆ.

"ನಾನು ನೋಡಿಲ್ಲಪ್ಪಾ. ನಾನು ದೂರ ಇದ್ದೆ."