ಎಡ ಸೀಟಿನ ಕ್ಯಾಪ್ಟನ್

೧೯೯೨ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ, ನಾನು ಶಾಲೆ ಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಯಾರ ಮುಂದೂ ಕೈ ಚಾಚಿದವನಲ್ಲ. ಲಾರಿ ಕ್ಲೀನರ್ ಆದೆ, ಜೀಪು ಓಡಿಸಿದೆ, ಕೊನೆಗೆ ಕಳಸದಲ್ಲಿ ಸ್ವಂತ ಬಾಡಿಗೆ ಕಾರು ಇಟ್ಟೆ. ಆ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಕೈಯ ಗುರುತು ಬೀಳುತ್ತಿತ್ತು. ಎಡಗೈ, ಐದೂ ಬೆರಳು ಅಗಲಿಸಿ ಒತ್ತಿದ್ದು, ಬೆವರಿನಿಂದ ಒದ್ದೆ. ಘಾಟಿ ಮುಗಿದು ಕಾರ್ಕಳ ಸಿಕ್ಕಿದ ಮೇಲೆ ಅದು ಮೆಲ್ಲಗೆ ಆರುತ್ತಿತ್ತು. ಅದು ವಿಮಾನ ಹಾರಿಸುವವರ ಕೈ ಎಂದರೆ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಅವರು ನಮ್ಮೂರ ಪಕ್ಕದ ಕಾಫಿ ಎಸ್ಟೇಟಿನವರ ಕಿರಿಮಗ. ತೋಟವನ್ನು ಅಣ್ಣ ನೋಡಿಕೊಳ್ಳುತ್ತಿದ್ದರು. ಇವರು ಸಣ್ಣ ಸಣ್ಣ ಊರುಗಳಿಗೆ ಹಾರುವ ಒಂದು ಸಣ್ಣ ಕಂಪನಿಯಲ್ಲಿ ಪೈಲಟ್. ಎರಡು ಫ್ಯಾನು ತಿರುಗುವ, ಎಪ್ಪತ್ತು ಜನ ಹಿಡಿಸುವ ವಿಮಾನ. ರಜೆಗೆ ಬಂದ ಇವರನ್ನು ಸಂಸೆ, ಕುದುರೆಮುಖದ ಮಾರ್ಗವಾಗಿ ಮಾಳ ಘಾಟಿ ಇಳಿಸಿ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಡುವುದು ನನ್ನ ಕೆಲಸ. ನಾವೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದೆವು.

ಹತ್ತುವ ಮೊದಲು ಕಾರಿಗೆ ಒಂದು ಸುತ್ತು ಬರುತ್ತಿದ್ದರು. ನಾಲ್ಕು ಟಯರನ್ನೂ ಶೂ ತುದಿಯಿಂದ ಒತ್ತುವುದು, ಬಗ್ಗಿ ಅಡಿಯಲ್ಲಿ ಎಣ್ಣೆ ಸೋರಿದೆಯೇ ನೋಡುವುದು, ಆಮೇಲೆ ಬಾನೆಟ್ ಮೇಲೆ ಅಂಗೈ ಇಡುವುದು. ಮೊದಲ ಸಲ ನನಗೆ ಮೈ ಉರಿದುಹೋಯಿತು.

“ಯಾಕೆ ಸಾರ್, ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲಿದೆ ಮಾರಾಯ. ಟಯರಿನ ಮೇಲಿಲ್ಲ.”

ಇನ್ನೊಂದು ದಿನ ಮಂಜಿನಲ್ಲಿ ಇಳಿಯುವಾಗ ಅವರ ಒದ್ದೆ ಕೈ ನೋಡಿ ನಾನು ನಕ್ಕುಬಿಟ್ಟೆ. “ಅಷ್ಟು ಎತ್ತರದಲ್ಲಿ ಹಾರಿಸ್ತೀರಿ, ಇಲ್ಲಿ ಎಂಥ ಹೆದರಿಕೆ ಸಾರ್?”

“ವಿಮಾನದಲ್ಲೂ ಕ್ಯಾಪ್ಟನ್ ಕೂರೋದು ಎಡಕ್ಕೇ ಕಣೋ. ಆದ್ರೆ ಅಲ್ಲಿ ಕೈಯಲ್ಲಿ ಸ್ಟೇರಿಂಗ್ ಇರುತ್ತೆ. ಇಲ್ಲಿ ಬರೀ ಗ್ಲೋವ್ ಬಾಕ್ಸು.” ರಸ್ತೆಯಿಂದ ಕಣ್ಣು ತೆಗೆಯದೆ, “ಅಲ್ಲೂ ಹೆದರ್ತೀನಿ. ನಂಗೆ ಸಂಬಳ ಕೊಡೋದೇ ಅದಕ್ಕೆ,” ಎಂದರು. ತಮಾಷೆ ಎಂದುಕೊಂಡೆ.

ಕುದುರೆಮುಖದಲ್ಲಿ, ಗಣಿ ನಿಂತ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸುಗಳ ಹತ್ತಿರ, ಗಾಡಿ ನಿಲ್ಲಿಸಿ ಟೀ ಕುಡಿಯುವುದು ನಮ್ಮ ರೂಢಿ. ಆ ವರ್ಷ ನಮ್ಮ ಸ್ಟ್ಯಾಂಡಿಗೆ ಹೊಸ ಡ್ರೈವರುಗಳು ಬಂದು ಕಡಿಮೆ ಬಾಡಿಗೆಗೆ ಓಡಿಸತೊಡಗಿದ್ದರು. ಅದೇ ನನ್ನ ಚಿಂತೆ. ಕೇಳಿದೆ.

“ನಿಮ್ಮಲ್ಲೂ ಹಿಂಗೇನಾ ಸಾರ್? ಹೊಸಬರು ಬಂದ್ರೆ ಹಳಬರ ಸಂಬಳಕ್ಕೆ ಕಲ್ಲು ಬೀಳುತ್ತಾ?”

ಅವರು ಲೋಟ ಕಟ್ಟೆಯ ಮೇಲಿಟ್ಟರು. “ನಮ್ಮದು ಕಾಫಿ ನರ್ಸರಿ ಇದ್ದಂಗೆ ಮಾರಾಯ. ಹೊಸ ಹುಡುಗ್ರು ಸಾಲ ಮಾಡಿ ಕಲ್ತು ಬರ್ತಾರೆ. ಅವರಿಗೆ ಬೇಕಾಗಿರೋದು ಹಾರಾಟದ ಗಂಟೆ, ಎಷ್ಟು ಕೊಟ್ರೂ ಸೈ ಅಂತಾರೆ. ಗಂಟೆ ತುಂಬಿದ್ದೇ ದೊಡ್ಡ ಕಂಪನಿಯವರು ಸಸಿ ಥರ ಕವರ್ ಸಮೇತ ಎತ್ಕೊಂಡು ಹೋಗ್ತಾರೆ. ಮತ್ತೆ ನಂಗೆ ಹೊಸ ಸಸಿ.”

“ಹಂಗಾದ್ರೆ ನಿಮ್ಮ ಸಂಬಳ ಇಳೀತು ಅಲ್ದಾ?”

“ಇಳಿದಿಲ್ಲ. ಏರಿಲ್ಲ. ಹೊಸಬನಿಗೆ ಸಂಬಳ ಕಮ್ಮಿ, ಸರಿ, ಅವನಿಗೆ ಗೊತ್ತಿರೋದೂ ಕಮ್ಮಿ. ಅವನಿಗೆ ಗೊತ್ತಿಲ್ಲದ್ದನ್ನೆಲ್ಲ ನಾನು ನೋಡ್ಕೋಬೇಕಲ್ಲ, ಅದು ಯಾರ ಲೆಕ್ಕದಲ್ಲೂ ಇಲ್ಲ. ಮೊನ್ನೆ ಮಳೇಲಿ ವಿಮಾನ ಇಳಿಸ್ತಾ ಇದ್ವಿ. ಅಡ್ಡಗಾಳಿ. ಪಕ್ಕದ ಹುಡುಗ ‘ಎಲ್ಲ ಸರಿ ಇದೆ ಸಾರ್’ ಅಂತ ನಗ್ತಾ ಇದ್ದ. ಆ ನಗು ನೋಡೇ ನಂಗೆ ಹೆದರಿಕೆ ಆಯ್ತು. ವಾಪಸ್ ಮೇಲೆತ್ತಿದೆ. ಹೊಸಬರಿಗೆ ಹಾರಿಸೋಕೆ ಬರುತ್ತೆ ಮಾರಾಯ. ಹೆದರೋಕೆ ಬರಲ್ಲ. ಅದನ್ನ ಕಲಿಯೋಕೆ ವರ್ಷ ಬೇಕು.”

ನಾನು ತಲೆಯಾಡಿಸಿದೆ. ಆದರೆ ನಾನು ಕಲಿತದ್ದು ಬೇರೆಯೇ. ಹೊಸಬರು ಅಗ್ಗಕ್ಕೆ ಸಿಗುತ್ತಾರೆ ಎಂದಷ್ಟೇ ನನ್ನ ತಲೆಗೆ ಹೋಯಿತು. ಎರಡನೇ ಕಾರು ಕೊಂಡೆ. ಕಡೂರು ಕಡೆಯ ಒಬ್ಬನನ್ನು ಇಟ್ಟುಕೊಂಡೆ. ಮೂವತ್ತರ ಹತ್ತಿರದವನು, ಮದುವೆಯಾದವನು, ಬಯಲುಸೀಮೆಯಲ್ಲಿ ತರಕಾರಿ ಟೆಂಪೊ ಓಡಿಸಿದ್ದವನು. ಸ್ಟ್ಯಾಂಡಿನ ಸಂಬಳದ ಅರ್ಧ ಗೊತ್ತು ಮಾಡಿದೆ. ಅವನ ಮುಖ ಸಣ್ಣದಾದದ್ದು ಕಂಡು, ಒಂದು ಟ್ರಿಪ್ಪಿಗೆ ಇಷ್ಟು ಡೀಸೆಲ್ ಎಂದು ಕೊಡುತ್ತೇನೆ, ಉಳಿಸಿದ್ದು ನಿನ್ನದು ಎಂದೆ. ನಮ್ಮಲ್ಲಿ ಹಲವರು ಹಾಗೇ ಮಾಡುತ್ತಿದ್ದರು. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಅವನಿಗೆ ಮಂಗಳೂರಿನ ದಾರಿ ತೋರಿಸಲೆಂದು ಕ್ಯಾಪ್ಟನ್ ಹೊರಟ ದಿನ ಅವನ ಕೈಗೇ ಕಾರು ಕೊಟ್ಟು ನಾನು ಹಿಂದೆ ಕೂತೆ. ಕ್ಯಾಪ್ಟನ್ ಎಂದಿನಂತೆ ಸುತ್ತು ಬಂದರು, ಎಡಕ್ಕೆ ಕೂತರು, ಕೈ ಡ್ಯಾಶ್‌ಬೋರ್ಡಿಗೆ ಒತ್ತಿದರು.

ಮಾಳ ಘಾಟಿಯಲ್ಲಿ ಮಂಜು ಕವಿದಿತ್ತು. ನಾಲ್ಕೈದು ತಿರುವು ಇಳಿದಿರಬೇಕು, ನನಗೆ ಕಣ್ಣು ಎಳೆಯುತ್ತಿತ್ತು. ಕ್ಯಾಪ್ಟನ್ ದನಿ ಕೇಳಿತು.

“ಇಂಜಿನ್ ಶಬ್ದ ಯಾಕೆ ಇಳೀತು?”

ನಾನು ಬಗ್ಗಿ ನೋಡಿದೆ. ಗೇರು ನ್ಯೂಟ್ರಲ್‌ನಲ್ಲಿತ್ತು. ಘಾಟಿಯ ತಲೆಯಿಂದ ಅವನು ಗಾಡಿಯನ್ನು ಹಾಗೇ ಉರುಳಲು ಬಿಟ್ಟು ಬರೀ ಬ್ರೇಕಿನಲ್ಲಿ ಇಳಿಸುತ್ತಿದ್ದ. ಆಗಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅವನ ಕಾಲು ಪೆಡಲನ್ನು ನೆಲಕ್ಕೆ ತುಳಿಯುತ್ತಿತ್ತು, ಕಾರು ನಿಲ್ಲುತ್ತಿರಲಿಲ್ಲ. ಇಪ್ಪತ್ತು ವರ್ಷ ಗಾಡಿ ಓಡಿಸಿದ ನಾನು ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ಅಷ್ಟೇ. ಬಲಗಡೆ ಬಿಳಿ ಮಂಜು, ಅದರ ಕೆಳಗೆ ಏನೂ ಇಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತಿದ್ದಂತಿತ್ತು.

ಕ್ಯಾಪ್ಟನ್ ಕೂಗಲಿಲ್ಲ. ಮಗುವಿಗೆ ಊಟ ಮಾಡಿಸುವ ದನಿಯಲ್ಲಿ ಹೇಳಿದರು. “ಕ್ಲಚ್ ಒತ್ತು. ಸ್ವಲ್ಪ ರೇಸ್ ಕೊಡು. ಮೂರನೇ ಗೇರ್ ಹಾಕು. ಸರಿ. ಈಗ ಎರಡು. ನಾನಿದೀನಿ.” ಬಲಗೈಯಿಂದ ಹ್ಯಾಂಡ್‌ಬ್ರೇಕನ್ನು ಚೂರು ಚೂರೇ ಎಳೆಯುತ್ತಿದ್ದರು. ಮುಂದೆ ಮಂಜಿನೊಳಗೆ ಹತ್ತಿ ಬರುವ ಬಸ್ಸಿನ ಲೈಟು ಕಂಡಿತು. “ಈಗ ನನ್ನ ಕಡೆಗೆ ತಿರುಗಿಸು. ನನ್ನ ಕಡೆ ಗುಡ್ಡದ ದರೆ ಇದೆ. ತಿರುಗಿಸೋ, ಹೆದರಬೇಡ, ನನ್ನ ಕಡೆಗೆ.”

ಕಾರಿನ ಎಡಭಾಗ ಚರಂಡಿಗೆ ಇಳಿದು, ದರೆಗೆ ಉಜ್ಜಿ, ಬಡಿದು ನಿಂತಿತು. ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡಿದ್ದ ಆ ಎಡಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು.

ರಸ್ತೆಬದಿಯ ಕಲ್ಲಿನ ಮೇಲೆ ಕೂತು, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕ್ಯಾಪ್ಟನ್ ಡ್ರೈವರನ್ನು ಹತ್ತಿರ ಕರೆದರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು, “ಸಂಬಳ ಎಷ್ಟು ಕೊಡ್ತಾನೆ ನಿಂಗೆ?”

ಅವನು ಅಳುತ್ತ ಹೇಳಿದ. “ನ್ಯೂಟ್ರಲ್‌ನಾಗೆ ಬಿಟ್ರೆ ಡೀಸೆಲ್ ಉಳೀತದೆ, ಉಳಿದದ್ದು ನಂದು ಸಾರ್. ಅದ್ರಾಗೆ ಮನಿ ನಡೀಬೇಕು.”

ಕ್ಯಾಪ್ಟನ್ ನನ್ನ ಕಡೆ ತಿರುಗಿದರು. “ನ್ಯೂಟ್ರಲ್ ಹಾಕಿದ್ದು ಅವನಲ್ಲ ಮಾರಾಯ. ನೀನು.”

ಪೈಲಟ್ ಕೈ ಮುರಿದುಕೊಂಡರೆ ಡಾಕ್ಟರರು ಸೈ ಎನ್ನುವವರೆಗೆ ಹಾರುವಂತಿಲ್ಲ; ಹಾರದಿದ್ದರೆ ಹಾರಾಟದ ಗಂಟೆಗಿಷ್ಟು ಎಂದು ಸಿಗುವ ದುಡ್ಡೂ ಇಲ್ಲ. ಕೈ ಸರಿಯಾಗಿ ಕೂಡದಿದ್ದರೆ ಅವರು ಮತ್ತೆಂದೂ ಹಾರಲಾರರು. ಆಸ್ಪತ್ರೆಯ ಖರ್ಚು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಕಾರು ಮಾರುತ್ತೇನೆ ಎಂದೆ.

“ಕಾರು ಮಾರಿ ಎಂಥ ಮಾಡ್ತೀಯ? ಅವನಿಗೆ ಪೂರ್ತಿ ಸಂಬಳ ಕೊಡು. ಒಂದು ಮಳೆಗಾಲ ಅವನ ಪಕ್ಕ ಕೂರೋಕೆ ಒಬ್ಬ ಬೇಕು. ನಂಗೆ ಹೇಗೂ ಕೆಲಸ ಇಲ್ಲ.”

ಕೂತರು. ಬಿಳಿ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಕಟ್ಟಿಕೊಂಡು, ವಾರಕ್ಕೆ ಎರಡು ಸಲ, ಆ ಕೈ ಮುರಿಯುವಂತೆ ಮಾಡಿದವನ ಪಕ್ಕದಲ್ಲೇ ಅದೇ ಘಾಟಿ ಹತ್ತಿ ಇಳಿದರು. ಪ್ರತಿ ತಿರುವಿನಲ್ಲೂ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಹಿಂದೆ ಕೂತ ನಾನು ಅದನ್ನೇ ನೋಡುತ್ತಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಡ್ರೈವರ್ ಕೂಡ ಹತ್ತುವ ಮೊದಲು ಗಾಡಿಗೆ ಒಂದು ಸುತ್ತು ಬರತೊಡಗಿದ.

ಏಳನೇ ತಿಂಗಳಿಗೆ ಡಾಕ್ಟರರು ಒಪ್ಪಿದರು. ಕ್ಯಾಪ್ಟನ್ ಪರೀಕ್ಷೆಗಳನ್ನೆಲ್ಲ ಮತ್ತೆ ಕೊಟ್ಟು ವಿಮಾನದ ತಮ್ಮ ಎಡ ಸೀಟಿಗೆ ಹೋದರು. ಇನ್ನೂ ಆರು ವರ್ಷ ಹಾರಿಸಿದರು, ಪ್ರತಿವರ್ಷ ಹೊಸ ಸಸಿಗಳನ್ನು ಬೈಯುತ್ತಾ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಎಸ್ಟೇಟಿನಿಂದ ಫೋನು ಬಂತು. ಎದೆನೋವು, ಮಂಗಳೂರಿಗೆ ಹೋಗಬೇಕು. ಅದೇ ಡ್ರೈವರ್ ಕಾರು ತೆಗೆದ. ಈಗ ನನ್ನ ಬಳಿ ಇರುವವರಲ್ಲಿ ಅವನೇ ಹಿರಿಯ. ಹಿಂದೆ ಮಲಗಿ ಎಂದರೂ ಕೇಳದೆ ಕ್ಯಾಪ್ಟನ್ ಎಡಕ್ಕೇ ಕೂತರು. ಸುತ್ತು ಬರಲಿಲ್ಲ. ಘಾಟಿ ಶುರುವಾಯಿತು. ನಾನು ಹಿಂದಿನಿಂದ ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದೆ. ಕೈ ಅಲ್ಲಿರಲಿಲ್ಲ, ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಮುಟ್ಟಿದೆ. ಒಣಗಿತ್ತು.

“ಇವನ ಜೊತೆ ಹೆದರಿಕೆ ಆಗಲ್ಲ ಮಾರಾಯ,” ಎಂದರು, ಕಣ್ಣು ಮುಚ್ಚಿಕೊಂಡೇ.

ಆಗ ನನಗೆ ಆದಷ್ಟು ಹೆದರಿಕೆ ಬ್ರೇಕು ಹೋದ ದಿನವೂ ಆಗಿರಲಿಲ್ಲ. ಮೂರನೇ ದಿನ ಕ್ಯಾಪ್ಟನ್ ಆಸ್ಪತ್ರೆಯಲ್ಲಿ ತೀರಿಕೊಂಡರು.

ಈಗ ನನ್ನ ಹತ್ತಿರ ಕಾರು ಮೂರು. ಡ್ರೈವರುಗಳು ಮೂವರು, ಅವರಲ್ಲಿ ಒಬ್ಬ ಈ ತಿಂಗಳು ಸೇರಿದ ಹೊಸಬ. ಸಂಬಳ ಮೂವರಿಗೂ ಪೂರ್ತಿ, ಉಳಿದ ಡೀಸೆಲ್ ಗಾಡಿಯದೇ. ಹೊಸಬನ ಎಡಕ್ಕೆ ಈ ಮಳೆಗಾಲ ಮುಗಿಯುವವರೆಗೆ ನಾನು. ಡ್ಯಾಶ್‌ಬೋರ್ಡಿನ ಮೇಲೆ ಒದ್ದೆ ಕೈ ಒಂದು, ನನ್ನದು.