ಪುಟ್ಟತಾಯಮ್ಮನವರ ಹೊಸಿಲು

ಕೋವಿಡ್ ಕಾಟ ಮುಗಿದು ಜನ ಮಾಸ್ಕ್ ಮರೆತು ಓಡಾಡಲು ಶುರು ಮಾಡಿದ ವರ್ಷ ನಾನು ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದೆ. ಮಿದುಳು ಮತ್ತು ನರಗಳ ಕಾಯಿಲೆಯ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಚಿಕ್ಕಂದಿನಿಂದ ಕಲಿತ ಭರತನಾಟ್ಯವೂ ಜೊತೆಗಿತ್ತು. ಎರಡನ್ನೂ ಸೇರಿಸಿ, ಜಯನಗರದ ಒಂದು ಸಮುದಾಯ ಭವನದಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವವರಿಗಾಗಿ ವಾರಕ್ಕೆರಡು ಬೆಳಗ್ಗೆ ನೃತ್ಯದ ತರಗತಿ ಆರಂಭಿಸಿದೆ. ತಿಲಕ್ ನಗರದ ಮನೆಯಲ್ಲಿ ಕಾಲು ಚಾಚಿ ಕೂತು ಧಾರಾವಾಹಿ ನೋಡುವ ಜಾಯಮಾನ ನನ್ನದಲ್ಲ. ನನ್ನ ಬಾಯಿ ಜೋರು ಎಂದು ಮನೆಯವರು ದೂರುತ್ತಾರೆ. ತಾಳ ಹಾಕುವವಳ ಬಾಯಿ ಮೆತ್ತಗಿದ್ದರೆ ಕೆಲಸ ನಡೆಯುತ್ತದೆಯೇ?

ಪಾರ್ಕಿನ್ಸನ್ ಎಂದರೆ ಬರೀ ಕೈ ನಡುಗುವ ಕಾಯಿಲೆ ಎಂದು ಬಹಳ ಜನ ತಿಳಿದಿದ್ದಾರೆ. ನಡುಕ ಅದರ ಒಂದು ಭಾಗ ಮಾತ್ರ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತಾ ಹೋದಂತೆ, ನಾವೆಲ್ಲ ಯೋಚಿಸದೆಯೇ ಮಾಡುವ ನಡೆಯುವುದು, ತಿರುಗುವುದು, ಕುರ್ಚಿಯಿಂದ ಏಳುವುದು ಇವೆಲ್ಲ ಯೋಚಿಸಿ ಮಾಡಬೇಕಾದ ಕೆಲಸಗಳಾಗುತ್ತವೆ. ಕೆಲವರಿಗೆ ನಡೆಯುತ್ತಿರುವಾಗಲೇ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಇದಕ್ಕೆ ಫ್ರೀಜಿಂಗ್ ಎನ್ನುತ್ತೇವೆ. ಬಾಗಿಲಿನ ಬಳಿ, ಇಕ್ಕಟ್ಟಿನಲ್ಲಿ, ತಿರುವಿನಲ್ಲಿ ಇದು ಹೆಚ್ಚು. ವಿಚಿತ್ರವೆಂದರೆ ಹೊರಗಿನಿಂದ ಒಂದು ತಾಳ ಕೇಳಿಸಿದರೆ, ಇಲ್ಲವೇ ದಾಟಲು ನೆಲದ ಮೇಲೊಂದು ಗೆರೆ ಕಂಡರೆ, ಅದೇ ಕಾಲು ಎಷ್ಟೋ ಸಲ ತಾನಾಗಿ ಮೇಲೇಳುತ್ತದೆ. ನೃತ್ಯ ನಮ್ಮ ಕೆಲಸಕ್ಕೆ ಒದಗುವುದು ಇಲ್ಲಿಯೇ. ನೃತ್ಯದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನನಗೆ ಮೈ ಉರಿಯುತ್ತದೆ. ಮಾತ್ರೆ ನುಂಗಲೇಬೇಕು; ನಾವು ಮಾಡುವುದು ಅದರ ಪಕ್ಕದ ಕೆಲಸ.

ನಮ್ಮ ತರಗತಿಯಲ್ಲಿ ಹೆಚ್ಚಿನವರು ಕುರ್ಚಿಯ ಮೇಲೆ ಕೂತೇ ಶುರು ಮಾಡುತ್ತಿದ್ದರು. ಮೊದಲು ಭೂಮಿಗೆ ನಮಸ್ಕಾರ. ಬಗ್ಗಲಾಗದವರು ಕೈಯನ್ನು ನೆಲದ ಕಡೆ ಚಾಚಿ ಕಣ್ಣಿಗೊತ್ತಿಕೊಂಡರೆ ಸಾಕು. ಆಮೇಲೆ ನಾನು ಮರದ ಹಲಗೆಯ ಮೇಲೆ ಕೋಲಿನಿಂದ ತಾಳ ಹಾಕಿ ‘ತೈಯಾ ತೈ’ ಎನ್ನುತ್ತಿದ್ದಂತೆ ಎಲ್ಲರೂ ಪಾದ ಎತ್ತಿ ನೆಲಕ್ಕೆ ತಟ್ಟಬೇಕು. ನಿವೃತ್ತ ಪ್ರೊಫೆಸರು, ಅಂಗಡಿ ಮಾಲೀಕರು, ಗೃಹಿಣಿಯರು ಎಲ್ಲರೂ ತಟ್ಟುತ್ತಿದ್ದರು. ಅವರಲ್ಲೆಲ್ಲ ಜೋರಾಗಿ ತಟ್ಟುತ್ತಿದ್ದವರು ಉತ್ತರಹಳ್ಳಿಯ ಪುಟ್ಟತಾಯಮ್ಮ.

ಎಪ್ಪತ್ತರ ಆಸುಪಾಸಿನ ಹೆಂಗಸು. ಉತ್ತರಹಳ್ಳಿ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ, ಅವರೆ ಬೆಳೆದ ಮನೆತನ. ಈಗ ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳ ಕಟ್ಟಡ ಎದ್ದಿತ್ತು. ಗಂಡ ತೀರಿಕೊಂಡಿದ್ದರು. ಮಗ ಮಂಜುನಾಥ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ, ಸೊಸೆ ರೂಪಾ ಮನೆ ನೋಡಿಕೊಳ್ಳುತ್ತಿದ್ದಳು. ಮೊದಲ ದಿನವೇ ಪುಟ್ಟತಾಯಮ್ಮ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ನಮ್ಮನೇಲಿ ಯಾರೂ ಕುಣಿದೋರಿಲ್ಲ ಮೇಡಮ್ಮೋರೆ. ಈ ವಯಸ್ಸಲ್ಲಿ ನನ್ನ ಕುಣುಸ್ತಿದ್ದೀರಲ್ಲ, ನಿಮ್ಗೆ ಒಳ್ಳೇದಾಗ್ಲಿ” ಎಂದಿದ್ದರು. ಅದು ಹರಕೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ. ಆದರೆ ಅವರು ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ತಾಳ ಬಿದ್ದರೆ ಅವರ ಕಾಲು ಸೊಗಸಾಗಿ ಏಳುತ್ತಿತ್ತು.

ಮಳೆಗಾಲ ಬಂದ ಮೇಲೆ ಅವರು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದರು. ಮಗ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ ಎಂಬ ಸುದ್ದಿ ಬಂತು. ಕರೆತರಲು ಜನವಿರಲಿಕ್ಕಿಲ್ಲ ಎಂದುಕೊಂಡೆ. ಮಗ ಚೇತರಿಸಿಕೊಂಡು ಅಂಗಡಿಗೆ ಹೋಗತೊಡಗಿದರೂ ಅವರ ಪತ್ತೆಯಿಲ್ಲ. ದೀಪಾವಳಿ ಕಳೆದ ಮೇಲೆ ರೂಪಾ ಫೋನ್ ಮಾಡಿದಳು.

“ಮೇಡಂ, ಅತ್ತೆ ಮನೆಯಿಂದ ಆಚೆಗೇ ಬರ್ತಿಲ್ಲ. ಹೊಸಿಲು ದಾಟೋಕೇ ಆಗ್ತಿಲ್ಲ ಅಂತಾರೆ. ಡಾಕ್ಟ್ರು ಹಿಂಗೇ ಕೂತ್ರೆ ಕಾಲು ಪೂರ್ತಿ ಹೋಗುತ್ತೆ ಅಂದ್ರು. ಅದಕ್ಕೆ ಇವ್ರು ಹೊಸಿಲು ಕಿತ್ತಾಕೋಕೆ ಮೇಸ್ತ್ರಿಗೆ ಹೇಳವ್ರೆ, ಸೋಮವಾರ ಬರ್ತಾನೆ. ಕಿತ್ರೆ ಈ ಮನೇಲಿ ನೀರೂ ಕುಡಿಯಲ್ಲ ಅಂತ ಅತ್ತೆ ಹಟ ಹಿಡಿದವ್ರೆ. ಅಮ್ಮ ಮಗ ಮಾತು ಬಿಟ್ಟು ಎಷ್ಟೋ ದಿನ ಆಯ್ತು.”

ಡಾಕ್ಟರ್ ಹೇಳಿದ್ದು ನಿಜ. ಈ ಕಾಯಿಲೆಯಲ್ಲಿ ನಡೆಯದೆ ಕೂತವರು ಎಷ್ಟೋ ಸಲ ಹಾಸಿಗೆ ಹಿಡಿಯುವುದನ್ನು ಆಸ್ಪತ್ರೆಯಲ್ಲಿ ಕಂಡಿದ್ದೆ. ಸೋಮವಾರಕ್ಕೆ ಮೊದಲು ಏನಾದರೂ ಮಾಡಬೇಕು ಎಂದುಕೊಂಡು ಶನಿವಾರ ಬೆಳಗ್ಗೆ ಆಟೋ ಹಿಡಿದು ಉತ್ತರಹಳ್ಳಿಗೆ ಹೋದೆ. ತಾಳದ ಹಲಗೆ, ಕೋಲು, ಅಗಲವಾದ ಹಳದಿ ಟೇಪು ಚೀಲದಲ್ಲಿದ್ದವು. ಅವರು ಬೆಳಗಿನ ಮಾತ್ರೆ ತೆಗೆದುಕೊಂಡು ಒಂದು ಗಂಟೆ ಕಳೆದ ಹೊತ್ತಿಗೆ ಸರಿಯಾಗಿ ತಲುಪಿದೆ. ಮಾತ್ರೆಯ ಪರಿಣಾಮ ಇಳಿದ ಹೊತ್ತಿನಲ್ಲಿ ಇವರನ್ನು ಪರೀಕ್ಷಿಸುವುದು ಅನ್ಯಾಯ.

ಕಟ್ಟಡ ಹೊಸದು. ಆದರೆ ನೆಲಮಹಡಿಯ ಮುಂಬಾಗಿಲಿಗೆ ಕೆಡವಿದ ಹಳೇ ಮನೆಯ ಬಾಗಿಲವಾಡವನ್ನೇ ತಂದು ಕೂರಿಸಿದ್ದರು. ಹಲಸಿನ ಮರದ್ದು. ಹೊಸಿಲು ನಾಲ್ಕು ಬೆರಳಿನಷ್ಟು ಎತ್ತರ, ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಹಿಂಬಾಗಿಲು ಇರಲಿಲ್ಲ. ಪುಟ್ಟತಾಯಮ್ಮ ಹಜಾರದಲ್ಲಿ ಕೂತಿದ್ದರು. ಮೂರ್ನಾಲ್ಕು ತಿಂಗಳಲ್ಲಿ ಮೈ ಇಳಿದಿತ್ತು. ನನ್ನನ್ನು ಕಂಡು ಮುಖ ಅರಳಿದರೂ ಕಣ್ಣು ತುಂಬಿಕೊಂಡವು.

“ಎತ್ಕೊಂಡಾದ್ರೂ ಆಚೆ ಕೂರುಸ್ತೀನಿ ಅಂದ್ರೆ ಒಪ್ಪಲ್ಲ ಮೇಡಂ” ಎಂದು ಮಂಜುನಾಥ ದೂರಿದ.

“ನನ್ನ ಎತ್ಕಂಡು ಈ ಹೊಸಿಲು ದಾಟ್ಸೋದು ಒಂದೇ ಸಲ ಅಂತ ಹೇಳಿ ಅವನಿಗೆ. ಅದಕ್ಕಿನ್ನೂ ಟೈಮೈತೆ” ಎಂದು ಪುಟ್ಟತಾಯಮ್ಮ ನನಗೆ ಹೇಳಿದರು. ಮಗ ಎದುರಿಗೇ ಇದ್ದ.

ಹಜಾರದಲ್ಲಿ ಟೇಪಿನಿಂದ ಅಡ್ಡಗೆರೆಗಳನ್ನು ಎಳೆದು ತಾಳ ಹಾಕಿದೆ. ಮೊದಮೊದಲು ತಡವರಿಸಿದರೂ ಆಮೇಲೆ ಒಂದೊಂದೇ ಗೆರೆ ದಾಟುತ್ತಾ ಬಂದರು. ಮಲಗುವ ಕೋಣೆಯ ಬಾಗಿಲನ್ನೂ ದಾಟಿದರು. ಮುಂಬಾಗಿಲಿನ ಕಡೆ ತಿರುಗಿಸಿದೆ. ಹೊಸಿಲು ಇನ್ನೂ ಮಾರು ದೂರವಿರುವಾಗಲೇ ನಿಂತುಬಿಟ್ಟರು. ತಾಳ ಜೋರು ಮಾಡಿದೆ, ನಿಧಾನ ಮಾಡಿದೆ, ಹೊಸಿಲಿನ ಮುಂದೆಯೂ ಹಳದಿ ಗೆರೆ ಎಳೆದೆ. ಏನೂ ಉಪಯೋಗವಾಗಲಿಲ್ಲ.

“ನೋಡಿದ್ರಲ್ಲ ಮೇಡಂ? ಅದನ್ನ ಕೀಳೋದೇ ಸರಿ” ಎಂದ ಮಂಜುನಾಥ.

“ಹೊಸಿಲು ಕಿತ್ತರೂ ಬಾಗಿಲು ಅಲ್ಲೇ ಇರುತ್ತಪ್ಪ. ಸ್ವಲ್ಪ ತಡಿ” ಎಂದೆ.

ನನಗೆ ಬೇರೆ ಏನೋ ಕಂಡಿತ್ತು. ಫ್ರೀಜಿಂಗ್ ಆದವರ ಮೈ ಮುಂದಕ್ಕೆ ವಾಲುತ್ತದೆ. ಹೋಗಬೇಕೆಂಬ ಆಸೆ ಮೈಯಲ್ಲಿರುತ್ತದೆ, ಕಾಲು ಮಾತ್ರ ಬರುವುದಿಲ್ಲ. ಹಿಮ್ಮಡಿ ಎದ್ದು ಪಾದ ನಿಂತಲ್ಲೇ ಅದುರುತ್ತದೆ. ಪುಟ್ಟತಾಯಮ್ಮನವರ ಪಾದ ಅದುರುತ್ತಿರಲಿಲ್ಲ. ಮೈ ಹಿಂದಕ್ಕೆ ಎಳೆಯುತ್ತಿತ್ತು, ಮುಖವನ್ನು ಹೊಸಿಲಿನಿಂದ ಬೇರೆ ಕಡೆ ತಿರುಗಿಸಿಕೊಂಡಿದ್ದರು. ಇದು ಕಾಯಿಲೆ ಮಾತ್ರವಲ್ಲ, ಹೆದರಿಕೆ. ಅವರನ್ನು ಕೂರಿಸಿ, ಪಕ್ಕದಲ್ಲಿ ನೆಲದ ಮೇಲೆ ನಾನೂ ಕೂತೆ.

“ಇಲ್ಲಿ ಏನಾಯ್ತು, ಹೇಳಿ ಅಮ್ಮ.”

ಸೆರಗಿನ ತುದಿಯನ್ನು ತಿರುಚುತ್ತಾ ಹೇಳಿದರು. “ಆಷಾಢದ ಶುಕ್ರವಾರ. ರೂಪ ಹೊಸಿಲಿಗೆ ಪೂಜೆ ಮಾಡಿ ಹೂವ ಇಟ್ಟಿದ್ಲು. ನಾನು ನಿಮ್ಮ ಕ್ಲಾಸ್ಗೇ ಹೊರಟಿದ್ದೆ. ಕಾಲು ಎತ್ತೋಕಾಗ್ಲಿಲ್ಲ ಮೇಡಮ್ಮೋರೆ. ಪೂರ್ತಿ ಪಾದ ಅದರ ಮೇಲೇ ಊರ್ಬುಟ್ಟೆ. ಕುಂಕುಮ ಎಲ್ಲಾ ಅಂಗಾಲಿಗೆ ಅಂಟ್ಕಂಡ್ತು. ಲಕ್ಷ್ಮಿನ ತುಳಿದಂಗಲ್ವಾ ಅದು? ನಾಕ್ ದಿನಕ್ಕೆ ಇವನು ಗಾಡಿಯಿಂದ ಬಿದ್ದ.”

ಮಂಜುನಾಥನ ಕೈಯಲ್ಲಿದ್ದ ಟೇಪಿನ ಸುರುಳಿ ಕೆಳಗೆ ಬಿತ್ತು. “ಅಮ್ಮಾ, ಅದಕ್ಕಾ? ರೋಡ್ ಅಗೆದು ಜಲ್ಲಿ ಸುರಿದಿದ್ರಮ್ಮ. ಅದರ ಮೇಲೆ ಜಾರಿದೆ.”

“ಆ ಜಲ್ಲಿ ಮೇಲೆ ನೀನು ದಿನಾ ಓಡಾಡ್ತಿದ್ದೆ. ಅವತ್ತೇ ಯಾಕೋ ಬಿದ್ದೆ?”

ಇಷ್ಟು ತಿಂಗಳು ಈ ತಾಯಿ ತಮ್ಮ ಕಾಲಿನಿಂದ ಮಗನಿಗೆ ಇನ್ನೊಮ್ಮೆ ಕೇಡಾಗದಿರಲಿ ಎಂದು ಬಾಗಿಲ ಹತ್ತಿರ ಸುಳಿಯದೆ ಕೂತಿದ್ದರು. ಅದು ಗೊತ್ತಿಲ್ಲದ ಮಗ ಅಮ್ಮನಿಗೆ ಹಟ ಎಂದು ಮಾತು ಬಿಟ್ಟಿದ್ದ. ಅವನು ಬಂದು ಅಮ್ಮನ ಕಾಲ ಬಳಿ ಕುಕ್ಕರಿಸಿದ.

ಅದೆಲ್ಲ ಮೂಢನಂಬಿಕೆ ಎಂದು ಭಾಷಣ ಬಿಗಿಯಬಹುದಿತ್ತು. ಎಪ್ಪತ್ತು ವರ್ಷ ಹೊಸಿಲಿಗೆ ಕೈಮುಗಿದವರನ್ನು ಒಂದು ಬೆಳಗ್ಗೆಯಲ್ಲಿ ಬದಲಿಸುತ್ತೇನೆ ಎಂಬ ಭ್ರಮೆ ನನಗಿಲ್ಲ. ಅಲ್ಲದೆ ನಾನೂ ನಮ್ಮ ಮನೆಯ ಹೊಸಿಲನ್ನು ತುಳಿಯುವವಳಲ್ಲ. ಹಾಗೆ ಕೂತಿದ್ದಾಗಲೇ ತರಗತಿಯಲ್ಲಿ ಅವರು ಕೈಯನ್ನು ನೆಲಕ್ಕೆ ಚಾಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ರೀತಿ ನೆನಪಿಗೆ ಬಂತು.

“ಅಮ್ಮ, ಕ್ಲಾಸಲ್ಲಿ ಮೊದಲು ಭೂಮಿಗೆ ನಮಸ್ಕಾರ ಮಾಡ್ತಿದ್ರಲ್ಲ, ಯಾಕೆ ಗೊತ್ತಾ?”

“ಒಳ್ಳೇದಾಗ್ಲಿ ಅಂತ.”

“ಅಲ್ಲ. ಕ್ಷಮಿಸು ಅಂತ ಕೇಳೋಕೆ. ಭೂಮಿನೂ ತಾಯಿನೇ ತಾನೆ? ಅವಳ ಮೇಲೆ ಕಾಲಲ್ಲಿ ತಟ್ಟೋರು ನಾವು. ಅದಕ್ಕೇ ಕುಣಿಯೋ ಮುಂಚೆ ಒಂದ್ಸಲ, ಕುಣಿದ ಮೇಲೆ ಒಂದ್ಸಲ ಕೇಳ್ಕೋತೀವಿ. ನನ್ನ ಗುರುಗಳು ಇದಿಲ್ಲದೆ ಒಂದು ಹೆಜ್ಜೆ ಹಾಕೋಕೂ ಬಿಡ್ತಿರಲಿಲ್ಲ.”

“ಕೇಳ್ಕಂಡ್ರೆ ತುಳೀಬೌದಾ?”

“ಬೇಕಂತಲೇ ತುಳಿಯೋ ನಮ್ಮನ್ನೇ ಆ ತಾಯಿ ಕ್ಷಮಿಸ್ತಾಳೆ. ಕಾಲು ಸೋತು ತಗುಲಿಸ್ಕೊಂಡ ನಿಮ್ಮನ್ನ ಈ ಹೊಸಿಲ ತಾಯಿ ಕ್ಷಮಿಸಲ್ವಾ?”

ರೂಪಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು, ಒಲೆಯ ಮೇಲಿನದು ಸೀಯುವ ವಾಸನೆ ಬರುತ್ತಿತ್ತು. ಕೊನೆಗೆ ಪುಟ್ಟತಾಯಮ್ಮ, “ಕುರ್ಚಿನ ಅಲ್ಲಿಗೆ ತಗಂಡೋಗಿ” ಎಂದರು.

ಕುರ್ಚಿಯನ್ನು ಹೊಸಿಲಿನ ಹತ್ತಿರಕ್ಕೆ ಸರಿಸಿ, ಮಂಜುನಾಥನೂ ನಾನೂ ಹಿಡಿದುಕೊಂಡು ಅವರನ್ನು ಕರೆತಂದು ಕೂರಿಸಿದೆವು. ಮುಗ್ಗರಿಸದಂತೆ ಭುಜವನ್ನು ನಾನು ಹಿಡಿದಿದ್ದೆ. ಅವರು ಮೆಲ್ಲಗೆ ಬಗ್ಗಿ, ನಡುಗುವ ಬೆರಳಲ್ಲಿ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ತುಟಿ ಅಲ್ಲಾಡುತ್ತಿತ್ತು. ತಾಯಿಯ ಹತ್ತಿರ ಅದೇನು ಹೇಳಿಕೊಂಡರೋ, ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ. ಆಮೇಲೆ ಎದ್ದು ನಿಂತರು. ಮಂಜುನಾಥ ಹೊಸಿಲಿನ ಆಚೆ ಹೋಗಿ ಎರಡೂ ಕೈ ಚಾಚಿದ, ರೂಪಾ ಹಿಂದೆ ಬಂದು ನಿಂತಳು. ನಾನು ಪಕ್ಕದಲ್ಲಿ ಕೂತು ಹಲಗೆಯ ಮೇಲೆ ಕೋಲು ತಟ್ಟಿದೆ. ತೈಯಾ ತೈ, ತೈಯಾ ತೈ.

ಬಲಗಾಲು ಎದ್ದಿತು. ಹೊಸಿಲಿನ ಮೇಲೆ ಹಾದು ಆಚೆ ಬದಿ ನೆಲ ಮುಟ್ಟಿತು. ರೂಪಾ ‘ಅಯ್ಯೋ’ ಎಂದು ಖುಷಿಗೆ ಕೂಗಿದಳು. ಎಡಗಾಲು ಎದ್ದಿತು, ಆದರೆ ಸಾಲದಾಯಿತು. ಪಾದ ಪೂರ್ತಿಯಾಗಿ ಹೊಸಿಲಿನ ಮೇಲೆಯೇ ಕೂತಿತು. ಕುಂಕುಮದ ಬೊಟ್ಟುಗಳು ಹಿಮ್ಮಡಿಯ ಕೆಳಗೆ ಅಳಿಸಿಹೋದವು.

ನನ್ನ ಕೋಲು ನಿಂತಿತು. ಇನ್ನು ಈ ಹೆಂಗಸು ಜನ್ಮದಲ್ಲಿ ಈ ಬಾಗಿಲ ಹತ್ತಿರ ಬರುವುದಿಲ್ಲ, ಎಲ್ಲ ಕೆಟ್ಟಿತು ಎಂದುಕೊಂಡೆ. ಪುಟ್ಟತಾಯಮ್ಮ ತಲೆ ಬಗ್ಗಿಸಿ ತಮ್ಮ ಪಾದವನ್ನು ನೋಡಿದರು. ಆಮೇಲೆ ಮಗನ ಮುಖ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ತಾಳ ಯಾಕೆ ನಿಲ್ಸಿದ್ರಿ ಮೇಡಮ್ಮೋರೆ? ಕೇಳ್ಕಂಡಿದ್ದೀನಲ್ಲ. ಹೊಡೀರಿ.”

ಕಣ್ಣು ಮಂಜಾಗಿ ಹಲಗೆಯೇ ಸರಿಯಾಗಿ ಕಾಣಿಸುತ್ತಿರಲಿಲ್ಲ. ಆದರೂ ಹೊಡೆದೆ. ಎಡಗಾಲು ಹೊಸಿಲಿನಿಂದ ಎದ್ದು ಆಚೆ ಇಳಿಯಿತು. ಮಗನ ಕೈ ಹಿಡಿದು ಅವರು ಗೇಟಿನವರೆಗೂ ಹೋದರು. ಬೀದಿಯಲ್ಲಿ ಸೊಪ್ಪಿನ ಗಾಡಿಯವನನ್ನು ನಿಲ್ಲಿಸಿ, ಇಷ್ಟು ತಿಂಗಳು ತಮ್ಮ ಸೊಸೆಗೆ ಬಾಡಿದ ಸೊಪ್ಪು ಕೊಟ್ಟಿದ್ದಕ್ಕೆ ಚೆನ್ನಾಗಿ ಬೈದರು.

ಸೋಮವಾರ ಮೇಸ್ತ್ರಿ ಬಂದ. ಹೊಸಿಲನ್ನು ಮುಟ್ಟಲಿಲ್ಲ, ನಾನು ಹೇಳಿದ ಎತ್ತರದಲ್ಲಿ ಬಾಗಿಲಿನ ಎರಡೂ ಬದಿಗೆ ಸ್ಟೀಲಿನ ಹಿಡಿ ಕೂರಿಸಿ ಹೋದ. ಹಿಡಿಗಳನ್ನು ಮಂಜುನಾಥನೇ ತನ್ನ ಅಂಗಡಿಯಿಂದ ತಂದಿದ್ದ. ಮುಂದಿನ ವಾರ ಪುಟ್ಟತಾಯಮ್ಮ ತರಗತಿಗೆ ಬಂದರು. ಕಾಯಿಲೆ ಅದರ ಪಾಡಿಗೆ ಮುಂದುವರಿದಿದೆ, ಮಾತ್ರೆ ಹೆಚ್ಚಾಗಿದೆ, ಕೈಗೆ ಊರುಗೋಲೂ ಬಂದಿದೆ. ಆದರೆ ಅವರು ಇವತ್ತಿಗೂ ನಡೆಯುತ್ತಾರೆ. ಕೆಲವು ದಿನ ಕಾಲು ಹೊಸಿಲಿನ ಮೇಲಿಂದ ಹಾದುಹೋಗುತ್ತದಂತೆ, ಕೆಲವು ದಿನ ತಗುಲುತ್ತದಂತೆ.

ಆಸ್ಪತ್ರೆಯಲ್ಲಿದ್ದಷ್ಟು ವರ್ಷವೂ ನಿಂತ ಕಾಲನ್ನು ಮುಂದೆ ಹಾಕಿಸುವುದೇ ನನ್ನ ಕೆಲಸವಾಗಿತ್ತು, ಅದನ್ನು ಚೆನ್ನಾಗಿಯೇ ಮಾಡಿದೆ. ಉತ್ತರಹಳ್ಳಿಯ ಆ ಬೆಳಗ್ಗೆ ಅದಕ್ಕೆ ಇನ್ನೊಂದು ಪಾಠ ಸೇರಿಸಿತು. ಹೆಜ್ಜೆ ನಿಂತಿರುವುದು ನರದ ದೋಷದಿಂದ ಮಾತ್ರವಾದರೆ ತಾಳ ಸಾಕು, ಗೆರೆ ಸಾಕು. ಯಾರದೋ ಮೇಲಿನ ಪ್ರೀತಿಯಿಂದ ನಿಂತಿದ್ದರೆ, ತಪ್ಪಿ ತುಳಿದರೂ ಪರವಾಗಿಲ್ಲ ಎಂಬ ಧೈರ್ಯವನ್ನು ಮೊದಲು ಕೊಡಬೇಕು. ಈಗ ಹೊಸಬರು ತರಗತಿಗೆ ಬಂದಾಗ ಭೂಮಿಗೆ ಯಾಕೆ ನಮಸ್ಕಾರ ಮಾಡುತ್ತೇವೆ ಎಂಬುದನ್ನು ಮೊದಲ ದಿನವೇ ವಿವರಿಸಿ, ಆಮೇಲೆ ಕೋಲು ಕೈಗೆ ತೆಗೆದುಕೊಳ್ಳುತ್ತೇನೆ.